ರುದ್ರಪ್ಪ ಮೇಸ್ತ್ರಿಯ ಕೆಮ್ಮು

ಒಬ್ಬ ಮನುಷ್ಯ ಕೆಮ್ಮಿದರೆ ಒಂದು ಊರಿಗೆ ನೀರು ತಡವಾಗುತ್ತದೆ ಎಂದರೆ ನಂಬುತ್ತೀರಾ? ನಾನೂ ನಂಬುತ್ತಿರಲಿಲ್ಲ. ಹೋದ ತಿಂಗಳು ಕಡೂರಿನ ನಮ್ಮ ಶೆಡ್ಡಿನಲ್ಲಿ ಕಣ್ಣಾರೆ ಕಂಡೆ.

ನನ್ನ ಹೊಟ್ಟೆಪಾಡು ನಿಮಗೆ ಗೊತ್ತೇ ಇದೆ. (ಅಂಕಣ ಬರೆದು ಅಕ್ಕಿ ತರಲಾದೀತೇ?) ಹಳ್ಳಿಗಳ ಬೋರ್‌ವೆಲ್ ಕೈಪಂಪು ರಿಪೇರಿ ಮಾಡುವ ತಂಡಕ್ಕೆ ನಾನು ಸೂಪರ್‌ವೈಸರ್. ತಂಡ ಎಂದರೆ ಹಿರಿಯರಾದ ರುದ್ರಪ್ಪ ಮೇಸ್ತ್ರಿ, ಅವರ ಕೈಕೆಳಗಿನ ಸಿದ್ಧಲಿಂಗ ಮತ್ತು ಕೆಂಚಪ್ಪ, ಜೊತೆಗೆ ಇಳಿಜಾರು ಸಿಕ್ಕರೆ ಮಾತ್ರ ಸ್ಟಾರ್ಟ್ ಆಗುವ ಒಂದು ಜೀಪು.

ಈಚೆಗೆ ನನ್ನನ್ನು ಟ್ರೇನಿಂಗಿಗೆ ಕಳಿಸಿದ್ದರು. ಸ್ಲೈಡ್ ಹಾಕಿ ತೋರಿಸಿದ್ದೆಲ್ಲದರ ಸಾರ ಇಷ್ಟೇ: ಕೆಲಸದ ಕ್ರಮವನ್ನು ಮೇಜಿನ ಹಿಂದೆ ಕೂತವರು ಬರೆಯಬಾರದು, ಕೆಲಸ ಮಾಡುವವರೇ ಕೂತು, ಮಾತಾಡಿ, ಕಟ್ಟಿಕೊಳ್ಳಬೇಕು. ಎಷ್ಟು ಚೆಂದದ ವಿಚಾರ! ವಾಪಸ್ ಬಂದು ಬೀರೂರಿನಲ್ಲಿ ರೈಲು ಇಳಿಯುವಷ್ಟರಲ್ಲಿ ನಾನು ಅದರ ಭಕ್ತನಾಗಿದ್ದೆ.

ಮಾರನೆಯ ದಿನವೇ ಮೂವರನ್ನೂ ಶೆಡ್ಡಿನಲ್ಲಿ ಕೂರಿಸಿಕೊಂಡೆ. ಪಂಚನಹಳ್ಳಿ ಪಕ್ಕದ ಹಟ್ಟಿಯಲ್ಲಿ ಪಂಪು ಕೆಟ್ಟು ವಾರವಾಗಿತ್ತು. ಹೆಂಗಸರು ದೂರದ ತೋಟದ ಬಾವಿಯಿಂದ ನೀರು ಹೊರುತ್ತಿದ್ದರು. "ಯಾಕಿಷ್ಟು ತಡ ಆಗುತ್ತೆ? ಏನು ಬದಲಾಯಿಸೋಣ?" ಎಂದು ಕೇಳಿದೆ.

ಸಿದ್ಧಲಿಂಗ ಬಾಯಿ ತೆರೆದ. ಮೇಸ್ತ್ರಿ ಕೆಮ್ಮಿದರು. ಸಿದ್ಧಲಿಂಗ ಬಾಯಿ ಮುಚ್ಚಿದ.

"ಎಲ್ಲಾ ಸರ್‍ಯಾಗೇ ಐತೆ ಸಾರ್," ಎಂದ ಕೆಂಚಪ್ಪ.

ದೊಡ್ಡವರಿಗಿಂತ ಮೊದಲು ಮಾತಾಡಬಾರದೆಂಬುದು ನಮ್ಮ ಸೀಮೆಯ ಮರ್ಯಾದೆ. ಅದಕ್ಕೇ ಒಂದು ಉಪಾಯ ಹೂಡಿದೆ. "ಮೇಸ್ತ್ರೀ, ನೀವು ಕೊನೆಗೆ ಹೇಳಿ." ಅವರು ಖುಷಿಯಿಂದ ಒಪ್ಪಿದರು. ಒಪ್ಪಿ, ಒಂದು ಮಾತೂ ಆಡದೆ, ಕೆಮ್ಮುತ್ತಲೇ ಇದ್ದರು! ಒಣಕೆಮ್ಮು ಬಂದರೆ 'ಬೇಡ', ಗಂಟಲು ಸರಿಮಾಡಿಕೊಂಡರೆ 'ಆಗಲಿ'. ಉಳಿದಿಬ್ಬರೂ ಆ ಭಾಷೆಯಲ್ಲಿ ಪಂಡಿತರು.

ನನಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು. ಈ ಕೆಮ್ಮು ಕಾಯುತ್ತಿರುವುದಾದರೂ ಏನನ್ನು? ಮೀಟಿಂಗನ್ನು ಹಟ್ಟಿಯ ಪಂಪಿನ ಕಟ್ಟೆಗೇ ಒಯ್ದೆ. ಗಂಗಮ್ಮ ಎಂಬಾಕೆ ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ನಿಂತಿದ್ದರು. "ಸಾರ್, ಒಂದ್ಮಾತು..." ಎಂದ ಸಿದ್ಧಲಿಂಗ. ಮೇಸ್ತ್ರಿ ಕೆಮ್ಮಿದರು.

"ಯಾಕಣ್ಣಾ ಹಂಗೆ ಕೆಮ್ತೀಯಾ?" ಎಂದರು ಗಂಗಮ್ಮ. "ಒಂದ್ಲೋಟ ನೀರು ಕೊಡಾನ ಅಂದ್ರೆ ಪಂಪು ಕೆಟ್ಟೋಗೈತಲ್ಲಪ್ಪಾ!"

ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕುಬಿಟ್ಟರು. ಆ ನಗುವಿನ ನಡುವೆ ಸಿದ್ಧಲಿಂಗ ಹೇಳಿಯೇಬಿಟ್ಟ: "ಮೇಸ್ತ್ರಿ ಬಂದು ನೋಡೋಗಂಟ ನಾವು ಸ್ಪ್ಯಾನರ್ ಮುಟ್ಟಂಗಿಲ್ಲ ಸಾರ್. ಅವ್ರು ಸಖರಾಯಪಟ್ಟಣದಾಗಿದ್ರೆ ಪಂಚನಹಳ್ಳಿ ಕಾಯ್ಬೇಕು. ವಾಷರ್ ಹಾಕಾದು ನಮ್ಗೂ ಬತ್ತದೆ."

ಅಯ್ಯೋ ಶಿವನೇ! ಯಾವ ಆಫೀಸೂ ಹಾಕದ ನಿಯಮ ಇದು.

ಮೇಸ್ತ್ರಿಯ ಮುಖ ಇಳಿದುಹೋಯಿತು. "ನಾನೂ ನಮ್ ಮೇಸ್ತ್ರಿ ಬರೋಗಂಟ ಮುಟ್ತಿರ್ಲಿಲ್ಲ ಸಾರ್. ನಮ್ಗೆ ಇರಾದೇ ಅದೊಂದು ಮರ್ಯಾದೆ," ಎಂದರು. ಆದರೆ ಗಂಗಮ್ಮನವರ ಕೊಡ ಇನ್ನೂ ಖಾಲಿಯೇ ಇತ್ತಲ್ಲ?

ಕಟ್ಟೆಯ ಮೇಲೆ ಬಹಳ ಹೊತ್ತು ಮಾತಾಯಿತು. ಮೊದಲು ತಲುಪಿದವನೇ ಪಂಪು ಬಿಚ್ಚಲಿ, ಕೈಲಾಗದಿದ್ದರೆ ಮಾತ್ರ ಮೇಸ್ತ್ರಿಯನ್ನು ಕರೆಯಲಿ ಎಂದು ತಂಡವೇ ತೀರ್ಮಾನಿಸಿತು. "ಆಗ್ಲಿ ಬಿಡ್ರಪ್ಪಾ" ಎಂದರು ಮೇಸ್ತ್ರಿ. (ಈ ಸಲ ಬಾಯಿಬಿಟ್ಟೇ ಹೇಳಿದರು.) ಸಂಜೆಯೊಳಗೆ ಹಟ್ಟಿಗೆ ನೀರು ಬಂತು.

ಮೊನ್ನೆ ಅಜ್ಜಂಪುರದ ಕಡೆ ಒಂದು ಪಂಪು ಕೆಟ್ಟಿತು. ಸಿದ್ಧಲಿಂಗ ಒಬ್ಬನೇ ಬಸ್ಸು ಹತ್ತಿ ಹೋಗಿ, ಬಿಚ್ಚಿ, ಸರಿಮಾಡಿ ಬಂದ. ಮೇಸ್ತ್ರಿ ಶೆಡ್ಡಿನಲ್ಲಿ ನನ್ನ ಜೊತೆ ಕಾಯುತ್ತಾ ಕೂತಿದ್ದರು.

"ನೀರು ಬಂತೇನ್ಲಾ?"

"ಬಂತು ಮೇಸ್ತ್ರಿ."

"ಒಳ್ಳೇದಾಯ್ತು ಬಿಡು." ಅವರ ಖುಷಿ ನಿಜವಾದದ್ದೇ. ಆಮೇಲೆ ತಲೆ ಎತ್ತದೆ ಕೇಳಿದರು: "ಊರ್ನೋರು ಯಾರೂ... ಮೇಸ್ತ್ರಿ ಎಲ್ಲಿ ಅಂತ ಕೇಳ್ಲಿಲ್ವೇನ್ಲಾ?"

ಸಿದ್ಧಲಿಂಗ ನನ್ನ ಮುಖ ನೋಡಿದ. ಹೊಸ ಕ್ರಮ ತಂದವನು ನಾನು. ಉತ್ತರವನ್ನೂ ನಾನೇ ಕೊಡಬೇಕಲ್ಲವೇ?