ಯಂತ್ರ ಒಪ್ಪದ ಹೆಬ್ಬೆರಳು

ಮೂಡಣದ ಬೆಳಕು ಇನ್ನೂ ಬೂದಿಬಣ್ಣದಲ್ಲಿರುವಾಗಲೇ ಪುತ್ತಿಗೆಯ ಪದ್ಮಾಕ್ಷಿ ಕಾವಲಿಯ ಮುಂದೆ ಕುಳಿತಾಗಿದೆ. ಒಲೆಯಲ್ಲಿ ತೆಂಗಿನ ಕೊತ್ತಳಿಗೆ ಚಟಚಟ ಉರಿಯುತ್ತಿದೆ. ನೆನೆಸಿ ಅರೆದ ಕುಚ್ಚಲಕ್ಕಿಯ ಹಿಟ್ಟನ್ನು ಒಂದು ಸೌಟು ಹೊಯ್ದು, ಪುಟ್ಟ ಮರದ ಹಲಗೆಯಿಂದ ಅದನ್ನು ಕಾವಲಿಯ ಅಂಚಿನವರೆಗೆ ತೆಳುವಾಗಿ ಎಳೆಯುತ್ತಾರೆ. ಹಬೆ ಇಳಿದು ಅಂಚು ತುಸು ಎದ್ದದ್ದೇ ತಡ, ಬರಿಗೈಯಲ್ಲೇ ರೊಟ್ಟಿಯನ್ನು ಹಾಳೆಯಂತೆ ಕಿತ್ತು, ಅರ್ಧಕ್ಕೆ ಮಡಚಿ, ಮತ್ತೊಮ್ಮೆ ಮಡಚಿ, ಮಡಿಕೆಯ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಬುಟ್ಟಿಗೆ ಸೇರಿಸುತ್ತಾರೆ. ಬುಟ್ಟಿಗೆ ಬೀಳುವ ಹೊತ್ತಿಗೆ ಅದು ಹಪ್ಪಳದಷ್ಟು ಗರಿಗರಿ. ಒತ್ತಿದಲ್ಲಿ ಮಾತ್ರ ಒಂದು ಸಣ್ಣ ಗುಳಿ ಉಳಿಯುತ್ತದೆ.

ಕೋಳಿಸಾರಿನೊಂದಿಗೆ ಕರಾವಳಿಯವರು ಮುರಿದು ತಿನ್ನುವ ಕೋರಿರೊಟ್ಟಿ ಇದು. ತಿನ್ನುವವರು ಸಾರಿನ ರುಚಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ರೊಟ್ಟಿ ಯಾರ ಕೈಯದ್ದೆಂದು ಕೇಳುವವರಿಲ್ಲ. ಕೈ ಸುಡುವುದಿಲ್ಲವೇ ಎಂದರೆ ಪದ್ಮಾಕ್ಷಿ ಕಾವಲಿಯಿಂದ ಕಣ್ಣು ತೆಗೆಯದೆ ಉತ್ತರಿಸುತ್ತಾರೆ. "ಬಟ್ಟೆ ಹಿಡಿದರೆ ಹರೀತದೆ, ಸಟ್ಟುಗ ಹಾಕಿದರೆ ಮುರೀತದೆ. ಬೆರಳೇ ಆಗಬೇಕು. ಸುಡುವುದು ಮೊದಲ ವರ್ಷ ಮಾತ್ರ, ಆಮೇಲೆ ಬೆರಳಿಗೆ ನಾಚಿಕೆ ಹೋಗ್ತದೆ."

ಪತಿ ಭೋಜ ಲಾರಿಯಲ್ಲಿ ಮೂಟೆ ಹೊರುತ್ತಿದ್ದವರು. ಬೆನ್ನಿಗೆ ಪೆಟ್ಟಾಗಿ ಮನೆ ಹಿಡಿದಾಗ ಪದ್ಮಾಕ್ಷಿ ತಾಯಿಯ ಮನೆಯಿಂದ ಕಾವಲಿಯನ್ನು ತಂದು ಒಲೆಯ ಮೇಲಿಟ್ಟರು. ಇಪ್ಪತ್ತು ವರ್ಷ ದಾಟಿದೆ. ಒಲೆ ತಣ್ಣಗಾದ ದಿನಗಳು ಕಡಿಮೆ. ದಿನಕ್ಕೆ ಮುನ್ನೂರು ರೊಟ್ಟಿ. ಹಬ್ಬವೋ, ಕೋಳಿ ಕಾದಿಸುವ ಅಂಕವೋ ಹತ್ತಿರ ಬಂದರೆ ಐನೂರು. ಭೋಜ ಕೂತಲ್ಲೇ ಒಲೆಗೆ ಸೌದೆ ಹಾಕುತ್ತಾರೆ, ನಡುನಡುವೆ ಹರಟೆಯನ್ನೂ ಹಾಕುತ್ತಾರೆ. ಬೆಳಗಿನ ಬಸ್ಸಿನಲ್ಲಿ ಬುಟ್ಟಿ ಮೂಡುಬಿದಿರೆಗೆ ಹೋಗಿ ಅಬ್ದುಲ್ ಮಜೀದರ ಅಂಗಡಿಯ ಗಾಜಿನ ಪೆಟ್ಟಿಗೆ ಸೇರುತ್ತದೆ. ಅಲ್ಲಿಂದ ಗಲ್ಫಿಗೆ ಹೊರಟವರ ಚೀಲಕ್ಕೂ ಹೋಗುತ್ತದೆ. ಇಷ್ಟು ದೂರ ಹೋಗುವ ಪೊಟ್ಟಣದ ಮೇಲೆ ಹೆಸರಿನ ಒಂದಕ್ಷರವೂ ಇರಲಿಲ್ಲ.

ಹೆಸರು ಊರಿಗೆ ತಿಳಿದದ್ದು ಬೇರೆ ಕಾರಣಕ್ಕೆ. ಆ ಕಥೆ ಈಗ ಬಾಯಿಂದ ಬಾಯಿಗೆ ಹರಿದು ಹಲವು ಪಾಠಗಳನ್ನು ಪಡೆದಿದೆ. ತೋಡಾರಿನ ಅಂಗಡಿ ಜಗಲಿಯಲ್ಲಿ ಕೇಳಿದರೆ, ಪದ್ಮಾಕ್ಷಿ ಬೆರಳಿಟ್ಟ ಕೂಡಲೇ ಸಾಲ ಕೊಡುವ ಕಂಪೆನಿಯ ಬೆರಳಚ್ಚು ಯಂತ್ರ ಹೊಗೆ ಬಿಟ್ಟಿತು ಎನ್ನುತ್ತಾರೆ. ನಾರಾವಿಯ ಬೀಡಿ ಕಟ್ಟುವ ಹೆಂಗಸರ ಪಾಠದಲ್ಲಿ ಕಂಪೆನಿಯ ಅಧಿಕಾರಿ ಎದ್ದು ನಿಂತು ಕೈಮುಗಿಯುತ್ತಾನೆ. ಪದ್ಮಾಕ್ಷಿ ಎರಡನ್ನೂ ಒಪ್ಪುವುದಿಲ್ಲ. ಇಲ್ಲಿರುವುದು ಅವರೇ ಒಲೆಯ ಮುಂದೆ ಹೇಳಿದ ಪಾಠ. ಅವರು ನಕ್ಕು ಬಿಟ್ಟುಬಿಟ್ಟ ಕಡೆ ಮಜೀದರು ತುಂಬಿಸಿಕೊಟ್ಟದ್ದು.

ಕಾವಲಿ ಅವರ ಬೆರಳುಗಳ ಗೆರೆಗಳನ್ನು ಎಂದೋ ತಿಂದುಹಾಕಿದೆ. ತುದಿಗಳು ನದಿಯ ಕಲ್ಲಿನಷ್ಟು ನುಣುಪು. ರೇಷನ್ ಅಂಗಡಿಯ ಯಂತ್ರಕ್ಕೆ ಅವರು ಹೆಬ್ಬೆರಳಿಟ್ಟರೆ ಕೆಂಪು ದೀಪವೇ ಗತಿ. ಅಂಗಡಿಯ ರುಕ್ಮಯ್ಯ ಪ್ರತಿ ತಿಂಗಳೂ ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, ಪದ್ಮಕ್ಕನ ಬೆರಳಿಗೆ ಇವತ್ತೂ ರಜೆಯೋ ಎಂದು ಕೆಣಕುವರು. ಆಮೇಲೆ ಮೊಬೈಲಿಗೆ ಬರುವ ಸಂಖ್ಯೆಯನ್ನು ಕೇಳಿ ಅಕ್ಕಿ ಅಳೆದುಕೊಡುವರು. ಎಲ್ಲಿಗೆ ಹೋದರೂ ಇದೇ ಪಾಡು. ಬೆರಳು ಬಾರದವಳು ಕಾಗದವನ್ನಾದರೂ ಕೊಡಬೇಕಲ್ಲ ಎಂದು ಪದ್ಮಾಕ್ಷಿ ಆಧಾರ್ ಕಾರ್ಡಿನ ನಕಲುಗಳನ್ನು ಚೀಲದಲ್ಲೇ ಇಟ್ಟುಕೊಂಡು, ಕೇಳಿದವರಿಗೆಲ್ಲ ಕೊಡುವ ರೂಢಿ ಮಾಡಿಕೊಂಡರು. ಪೇಚಿಗೆ ಸಿಕ್ಕಿಸಿದ್ದು ಆ ರೂಢಿಯೇ.

ಒಂದು ಬೆಳಗ್ಗೆ ಬೈಕಿನಲ್ಲಿ ಒಬ್ಬ ಬಂದ. ಮನೆಯಲ್ಲೇ ದುಡಿಯುವ ಹೆಂಗಸರ ಹೆಸರು ನೋಂದಾಯಿಸುತ್ತಿದ್ದೇನೆ, ಮುಂದೆ ಸಹಾಯಧನ ಬರುತ್ತದೆ ಎಂದ. ಚಹಾ ಕುಡಿದ, ಎರಡು ರೊಟ್ಟಿ ತಿಂದ, ಹೊಗಳಿದ. ಚೀಲದಿಂದ ಯಂತ್ರ ತೆಗೆದು ಬೆರಳಿಡಿ ಅಂದ, ಕೆಂಪು ದೀಪ. ಪರವಾಗಿಲ್ಲ ಅಕ್ಕ, ಅದನ್ನು ನಾನು ನೋಡಿಕೊಳ್ತೇನೆ ಎಂದು ಹೇಳಿ, ಕಾರ್ಡಿನ ನಕಲನ್ನೂ ಒಂದು ಫೋಟೋವನ್ನೂ ಪಡೆದು ಹೋದ. ಅವನು ನೋಡಿಕೊಂಡ ಬಗೆ ತಿಳಿಯಲು ವರ್ಷವೇ ಬೇಕಾಯಿತು.

ಆ ವರ್ಷ ಪದ್ಮಾಕ್ಷಿ ಹಿತ್ತಿಲಲ್ಲಿ ಒಂದು ಕೊಟ್ಟಿಗೆಯ ಕನಸು ಕಟ್ಟಿದ್ದರು: ಶೀಟಿನ ಮಾಡು, ಸಾಲಾಗಿ ಮೂರು ಒಲೆ, ನೆರೆಯ ಅಮ್ಮಣಿಗೂ ಇನ್ನೊಬ್ಬಳಿಗೂ ಕೆಲಸ. ಮೂಡುಬಿದಿರೆಯ ಬ್ಯಾಂಕಿನವರು ಸಾಲಕ್ಕೆ ಒಪ್ಪುವ ಹಂತದಲ್ಲಿದ್ದರು. ಕೊನೆಗೆ ಮ್ಯಾನೇಜರು ಗಣಕದ ಪರದೆ ನೋಡಿ, ನಿಮ್ಮ ಹೆಸರಿನಲ್ಲಿ ಬೇರೊಂದು ಸಾಲ ಬಾಕಿಯಿದೆ, ಒಂದು ಕಂತೂ ಕಟ್ಟಿಲ್ಲ, ಅದು ತೀರದೆ ಇಲ್ಲಿ ಏನೂ ಆಗದು ಎಂದರು. ಆ ಸಾಲ ಕೊಟ್ಟದ್ದು ಬಂಟ್ವಾಳದಲ್ಲಿ ಶಾಖೆಯಿರುವ ಒಂದು ಖಾಸಗಿ ಕಂಪೆನಿ. ಹಣ, ಪದ್ಮಾಕ್ಷಿಯ ಹೆಸರಿನಲ್ಲೇ ತೆರೆದ, ಅವರು ಕಂಡೇ ಇಲ್ಲದ ಖಾತೆಗೆ ಬಿದ್ದು ಮಾಯವಾಗಿತ್ತು. ವಾರದೊಳಗೆ ವಸೂಲಿಯವರಿಬ್ಬರು ಅಂಗಳದಲ್ಲಿ ನಿಂತು, ನೆರೆಹೊರೆಗೆಲ್ಲ ಕೇಳುವಂತೆ ಹೆಸರು ಹಿಡಿದು ಕೂಗಿದರು.

"ನಾನು ಅಂದು ಕಾವಲಿಯ ಮೇಲೆ ರೊಟ್ಟಿ ಕರಟಲು ಬಿಟ್ಟದ್ದು," ಎನ್ನುತ್ತಾರೆ ಪದ್ಮಾಕ್ಷಿ. "ಅಷ್ಟು ವರ್ಷದಲ್ಲಿ ಅದೊಂದೇ."

ಭೋಜರಿಗೂ ಎದೆ ಒಡೆದಿತ್ತು. ಆದರೂ ಬಾಯಿ ಸುಮ್ಮನಿರಲಿಲ್ಲ. "ಅಷ್ಟು ಸಾಲ ತೆಗೆದವಳು ನನಗೊಂದು ಅಂಗಿಯಾದರೂ ತರಬೇಕಿತ್ತು ಮಾರಾಯ್ತಿ," ಎಂದರಂತೆ. ಪದ್ಮಾಕ್ಷಿ ಅಳುತ್ತಿದ್ದವರು ನಕ್ಕರು. ನಗು ಬಂದ ಮೇಲೆ ಸಿಟ್ಟೂ ಬಂತು.

ಮರುದಿನ ಬುಟ್ಟಿ ಕೊಡಲು ಹೋದಾಗ ಅವರು ಮಜೀದರಿಗೆ ಎಲ್ಲವನ್ನೂ ಹೇಳಿದರು. ಮಜೀದರ ಮಗಳು ಶಿಫಾನಾ ಬಂಟ್ವಾಳದ ನ್ಯಾಯಾಲಯದಲ್ಲಿ ವಕೀಲೆ. ಆಕೆ ಮೊದಲು ಹೇಳಿದ್ದು, ಹೆದರಿ ಒಂದು ಕಂತನ್ನೂ ಕಟ್ಟಬೇಡಿ, ಕಟ್ಟಿದರೆ ಸಾಲವನ್ನು ಒಪ್ಪಿಕೊಂಡ ಹಾಗೆ. ಆಮೇಲೆ ಪೊಲೀಸ್ ಠಾಣೆಗೆ ದೂರು, ಕಂಪೆನಿಗೆ ಲಿಖಿತ ಆಕ್ಷೇಪ, ಸಾಲದ ಚರಿತ್ರೆಯನ್ನು ದಾಖಲಿಸುವ ಸಂಸ್ಥೆಗೆ ತಕರಾರು, ಎಲ್ಲವನ್ನೂ ಸಲ್ಲಿಸಿ ಪ್ರತಿಯೊಂದಕ್ಕೂ ಸ್ವೀಕೃತಿ ಪಡೆದಳು. ಕಂಪೆನಿಯ ಉತ್ತರ ಒಂದೇ ಸಾಲಿನದು: ಸಾಲಗಾರರು ಖುದ್ದಾಗಿ ಬೆರಳಚ್ಚು ನೀಡಿರುತ್ತಾರೆ.

ಶಿಫಾನಾ ಅದನ್ನು ಓದಿ ಹೇಳಿದಾಗ ಪದ್ಮಾಕ್ಷಿ ಇನ್ನೊಮ್ಮೆ ಓದು ಅಂದರು. ಓದಿದಳು. ಪದ್ಮಾಕ್ಷಿ ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. "ಹಾಗಾದರೆ ಬಂಟ್ವಾಳಕ್ಕೆ ಹೋಗುವ," ಎಂದರು. "ರುಕ್ಮಯ್ಯನನ್ನೂ ಕರ್ಕೊಂಡು ಹೋಗುವ."

ಸಿದ್ಧಕಟ್ಟೆ ಮಾರ್ಗದ ಬಸ್ಸಿನಲ್ಲಿ ಪದ್ಮಾಕ್ಷಿ, ಶಿಫಾನಾ, ರುಕ್ಮಯ್ಯ ಮೂವರೂ ಹೊರಟರು. ಅಂಗಡಿಗೆ ಬಾಗಿಲು ಹಾಕಿ ಬಂದ ರುಕ್ಮಯ್ಯ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಶಾಖೆಯ ಅಧಿಕಾರಿ ಒರಟನಲ್ಲ. ಇವರನ್ನು ಕೂರಿಸಿ, ನೀರು ತರಿಸಿ, ಮೆತ್ತಗೆ ಮಾತಾಡಿದ. ಸಹಿಯನ್ನು ಯಾರಾದರೂ ನಕಲು ಮಾಡಬಹುದು, ಬೆರಳನ್ನು ಮಾಡಲಾಗದು, ಪರದೆಯ ಮೇಲೆ ಅಚ್ಚು ಸ್ಪಷ್ಟವಾಗಿ ಉಂಟು ನೋಡಿ ಎಂದ. ಪದ್ಮಾಕ್ಷಿ ನೋಡಿದರು. ಸುಳಿಸುಳಿಯಾಗಿ, ಒಂದು ಗೆರೆಯೂ ಮಾಸದ, ದಷ್ಟಪುಷ್ಟ ಹೆಬ್ಬೆರಳು.

"ಇಷ್ಟು ಚಂದದ ಬೆರಳು ನನಗೆ ಮದುವೆಯ ವರ್ಷ ಇತ್ತು," ಎಂದರು. "ನಿಮ್ಮ ಯಂತ್ರ ತನ್ನಿ. ಈಗ ಇಡ್ತೇನೆ."

ಯಂತ್ರ ಬಂತು. ಹೆಬ್ಬೆರಳು ಇಟ್ಟರು, ಕೆಂಪು ದೀಪ. ಅಧಿಕಾರಿ ಬೆರಳನ್ನು ಒರೆಸಿ ಇಡಲು ಹೇಳಿದ, ಕೆಂಪು. ತಾನೇ ಗಾಜನ್ನು ಒರೆಸಿ, ಅವರ ಕೈ ಹಿಡಿದು ಒತ್ತಿಸಿದ, ಕೆಂಪು. ಬೇರೆ ಯಂತ್ರ ತರಿಸಿದ, ಎಡಗೈಯನ್ನೂ ಇಡಿಸಿದ. ಕೊನೆಗೆ ಶಾಯಿಯ ಪ್ಯಾಡಿಗೆ ಒತ್ತಿಸಿ ಬಿಳಿ ಹಾಳೆಗೆ ಮುಟ್ಟಿಸಿದರೆ, ಮೂಡಿದ್ದು ಒಂದು ಗೆರೆಯೂ ಇಲ್ಲದ ನೀಲಿ ಬೊಟ್ಟು. ರುಕ್ಮಯ್ಯ ಆಗ ಗಂಟಲು ಸರಿಮಾಡಿಕೊಂಡು, ತನ್ನ ಅಂಗಡಿಯಲ್ಲಿ ಈ ಬೆರಳಿಗೆ ಅಕ್ಕಿ ಕೊಡೆನೆಂದು ಯಂತ್ರ ಎಷ್ಟು ವರ್ಷದಿಂದ ಹಟ ಹಿಡಿದಿದೆ ಎಂಬುದನ್ನು ಸಾವಧಾನವಾಗಿ ವಿವರಿಸಿದರು. ಬೇಕಾದರೆ ಬರೆದುಕೊಡುತ್ತೇನೆ ಎಂದರು.

ಪದ್ಮಾಕ್ಷಿ ಆ ಗಳಿಗೆಯನ್ನು ಈಗಲೂ ಸವಿಯುತ್ತಾರೆ. "ರೇಷನ್ ಅಂಗಡಿಯಲ್ಲಿ ಕೆಂಪು ದೀಪ ಹತ್ತಿದಾಗಲೆಲ್ಲ ನನಗೆ ಭೂಮಿಗೆ ಇಳಿದುಹೋಗುವ ಅನಿಸ್ತಿತ್ತು. ಅವತ್ತು ಆ ದೀಪಕ್ಕೊಂದು ತೆಂಗಿನಕಾಯಿ ಒಡೆಯುವ ಅನಿಸಿತು."

ಯಂತ್ರ ಹೊಗೆ ಬಿಡಲಿಲ್ಲ, ಅಧಿಕಾರಿ ಕೈಮುಗಿಯಲೂ ಇಲ್ಲ. ಆತ ಪದ್ಮಾಕ್ಷಿಯ ಸಾಲದ ಕಡತವನ್ನು ಪರದೆಯಲ್ಲಿ ತೆರೆದ. ಕಂಪೆನಿ ಬೆರಳಚ್ಚನ್ನು ತೆಗೆದಿಟ್ಟುಕೊಳ್ಳುತ್ತಿತ್ತೇ ಹೊರತು ಅದು ಯಾರದ್ದೆಂದು ಆಧಾರ್‌ನೊಂದಿಗೆ ತಾಳೆ ನೋಡುತ್ತಿರಲಿಲ್ಲ ಎಂದು ಒಪ್ಪಿಕೊಂಡ. ಕಂಪೆನಿಗೆ ಸಾಲಗಾರರನ್ನು ತಂದುಕೊಡುವ ದಲ್ಲಾಳಿಯಾಗಿದ್ದ ಆ ಬೈಕಿನವನು ಹೊಂದಿಸಿಕೊಟ್ಟ ಉಳಿದ ಸಾಲಗಳನ್ನೂ ತೆರೆದು ನೋಡಿದ. ನಾರಾವಿಯ ಬೀಡಿ ಕಟ್ಟುವ ಹೆಂಗಸರ ಹೆಸರುಗಳು. ಎಲೆ ಸುರುಟಿ ಸುರುಟಿ ಅವರ ಬೆರಳುಗಳೂ ಸವೆದವೇ. ಪ್ರತಿಯೊಂದು ಹೆಸರಿನ ಕೆಳಗೂ ಅದೇ ಸುಳಿ, ಅದೇ ದಷ್ಟಪುಷ್ಟ ಹೆಬ್ಬೆರಳು. ಬೆರಳು ಬಾರದ ಹೆಂಗಸರನ್ನೇ ಹುಡುಕಿ ಹೋಗಿದ್ದವನು, ಅವರೆಲ್ಲರ ಪರವಾಗಿ ತನ್ನದೇ ಬೆರಳನ್ನು ಒತ್ತಿದ್ದ. ಪೊಲೀಸರಿಗೆ ಅದಕ್ಕಿಂತ ಒಳ್ಳೆಯ ಗುರುತು ಬೇಕಿರಲಿಲ್ಲ. ಅಧಿಕಾರಿಯೇ ವರದಿ ಬರೆದು ಮೇಲಿನವರಿಗೆ ಕಳುಹಿಸಿದ. ಮಳೆಗಾಲ ಮುಗಿಯುವಷ್ಟರಲ್ಲಿ ಅಷ್ಟೂ ಹೆಂಗಸರ ಸಾಲ ರದ್ದಾಯಿತು, ಹೆಸರುಗಳ ಮೇಲಿನ ಕಲೆ ಅಳಿಯಿತು. ಬೈಕಿನವನ ಮೇಲೆ ಮೊಕದ್ದಮೆ ನಡೆಯುತ್ತಿದೆ. ನಾರಾವಿಯಿಂದ ಒಂದು ಜೀಪು ತುಂಬ ಹೆಂಗಸರು ಬಂದು ಪದ್ಮಾಕ್ಷಿಯ ಕೈಯನ್ನು ಮುಟ್ಟಿ ನೋಡಿ, ಉಂಡು ಹೋದದ್ದನ್ನು ಪುತ್ತಿಗೆಯವರು ಇಂದಿಗೂ ಹೇಳುತ್ತಾರೆ. ಕಥೆಯ ಆ ಭಾಗಕ್ಕೆ ಮಾತ್ರ ಎಲ್ಲಿಯೂ ಪಾಠಾಂತರವಿಲ್ಲ.

ಬ್ಯಾಂಕಿನ ಮ್ಯಾನೇಜರು ಈ ಸಲ ತಾವಾಗಿಯೇ ಫೋನು ಮಾಡಿದರು. ಸಹಿ ಹಾಕುವ ದಿನ ಅಲ್ಲಿಯೂ ಒಂದು ಯಂತ್ರ ಮುಂದೆ ಬಂತು, ಅದೂ ಕೆಂಪಾಯಿತು. ಪದ್ಮಾಕ್ಷಿ ಅವಸರಪಡಲಿಲ್ಲ, ಮೊಬೈಲಿಗೆ ಸಂಖ್ಯೆ ಬರುವವರೆಗೆ ಮ್ಯಾನೇಜರು ಕಾದರು.

ಈಗ ಹಿತ್ತಿಲಲ್ಲಿ ಕೊಟ್ಟಿಗೆ ಎದ್ದಿದೆ. ಮೂರು ಒಲೆಗಳಿಗೂ ಬೆಂಕಿ ಬಿದ್ದಿದೆ. ಬಿಸಿಲು ಮಾಡಿನ ಸಂದಿಯಿಂದ ಇಳಿದು ಬುಟ್ಟಿಗಳನ್ನು ಮುಟ್ಟುವ ಹೊತ್ತು. ಪಕ್ಕದ ಕಾವಲಿಯಲ್ಲಿ ಅಮ್ಮಣಿ ರೊಟ್ಟಿ ಕೀಳಲು ಹೋಗಿ ಕೈ ಹಿಂದೆಳೆಯುತ್ತಾಳೆ, ಬೆರಳಿಗೆ ಬಾಯಿಂದ ಗಾಳಿ ಊದುತ್ತಾಳೆ. ಬೆರಳು ಹೋದರೆ ರೇಷನ್ ಹೋಗ್ತದಲ್ಲಾ ಪದ್ಮಕ್ಕ ಎಂದು ಗೊಣಗುತ್ತಾಳೆ. ರೇಷನ್ ರುಕ್ಮಯ್ಯ ಕೊಡುತ್ತಾನೆ, ನೀನು ರೊಟ್ಟಿ ಎತ್ತು ಎಂಬ ಉತ್ತರ ಬರುತ್ತದೆ. ಕಾರ್ಡಿನ ನಕಲುಗಳು ಮಾತ್ರ ಚೀಲದಲ್ಲಿಲ್ಲ, ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡಿವೆ. ಕೇಳಿದವರಿಗೆ ಕೊಡುವುದಿದ್ದರೆ, ಯಾವ ಕೆಲಸಕ್ಕೆಂದು ಅದರ ಮೇಲೆಯೇ ಬರೆದು ಸಹಿ ಹಾಕುತ್ತಾರೆ.

ಇನ್ನೇನಾದರೂ ಆಸೆ ಉಂಟೇ ಎಂದು ಕೇಳುವಾಗ ಪದ್ಮಾಕ್ಷಿಯ ಕೈ ಕಾವಲಿಯ ಮೇಲೇ ಇದೆ. ಕಾವಲಿಯಿಂದ ಒಂದು ರೊಟ್ಟಿ ಎದ್ದು ಬರುತ್ತದೆ, ಎರಡು ಸಲ ಮಡಚಿಕೊಳ್ಳುತ್ತದೆ, ಮೂಲೆಯಲ್ಲಿ ಹೆಬ್ಬೆರಳಿನ ಗುಳಿ ಪಡೆದು ಬುಟ್ಟಿ ಸೇರುತ್ತದೆ.

"ಮಜೀದಾಕನಿಗೆ ಹೇಳಿದ್ದೇನೆ, ಇನ್ನು ಪೊಟ್ಟಣದ ಮೇಲೆ ಹೆಸರು ಹಾಕಿಸುವ ಅಂತ," ಎನ್ನುತ್ತಾರೆ. "ಪದ್ಮಾಕ್ಷಿ, ಪುತ್ತಿಗೆ. ಅಷ್ಟು ಸಾಕು. ನನ್ನ ಹೆಸರನ್ನು ಯಾರೋ ನನ್ನನ್ನು ಕೇಳದೆ ಬರೆದ. ಇನ್ನು ನಾನೇ ಬರೆಸ್ತೇನೆ."