ಕಿನುಯೊ ಕಾಯಿಸಿದ ಮೊದಲ ನೀರು

ನಮ್ಮ ಓಣಿಯವರೆಲ್ಲ ಕಾಸು ಕೊಟ್ಟು ಮೀಯುವ ಸ್ನಾನದ ಮನೆ ನಡೆಸುವ ಕಿನುಯೊಗೆ ಒಂದು ಕಡೆ ಕೂತು ಗೊತ್ತಿಲ್ಲ. ಒಲೆಗೆ ಸೌದೆ ಒಟ್ಟುತ್ತಾಳೆ, ನೆಲ ತಿಕ್ಕುತ್ತಾಳೆ, ನಡುವೆ ನಮ್ಮ ಬೆನ್ನಿನ ಕೊಳೆಯ ಬಗ್ಗೆ ಎರಡು ಮಾತನ್ನೂ ಆಡುತ್ತಾಳೆ. ನೆಗಡಿಯಾಗಲಿ, ಗಂಡನ ಮೇಲಿನ ಸಿಟ್ಟಾಗಲಿ, ಅವಳ ಬಳಿ ಇರುವುದು ಒಂದೇ ಮದ್ದು: ಬಿಸಿನೀರು. ಗಿರಾಕಿಗಳು ಒಳಗೆ ಬರಬಹುದು ಎಂದು ಬಾಗಿಲಿಗೆ ಪರದೆ ತೂಗುಹಾಕುವ ಮೊದಲು, ಇನ್ನೂ ಯಾರೂ ಇಳಿಯದ ತೊಟ್ಟಿಗೆ ಮನೆಯ ಮಗುವನ್ನು ಇಳಿಸುವುದು ಅವಳ ಅತ್ತೆಯ ಕಾಲದ ಪದ್ಧತಿ. ಆ ಮೊದಲ ನೀರು ಕಂಡ ಮಗುವಿನ ಹತ್ತಿರ ಕಾಯಿಲೆ ಸುಳಿಯುವುದಿಲ್ಲವಂತೆ.

ಮೊಮ್ಮಗಳು ಕೊಹಾರುವಿಗೆ ಗೋಧಿ ಆಗುತ್ತಿರಲಿಲ್ಲ. ಚೂರು ಬ್ರೆಡ್ ತಿಂದರೂ ತುಟಿ ಊದಿ ಉಸಿರು ಕಟ್ಟುತ್ತಿತ್ತು. ಮೈಗೆ ಗೋಧಿಯನ್ನು ನಿಧಾನವಾಗಿ ಒಗ್ಗಿಸುವ ಚಿಕಿತ್ಸೆಯನ್ನು ಡಾಕ್ಟರು ಆಸ್ಪತ್ರೆಯಲ್ಲೇ ಶುರುಮಾಡಿ, ಆಮೇಲೆ ಮನೆಯಲ್ಲಿ ಮುಂದುವರಿಸಲು ಹೇಳಿದರು. ದಿನಾ ತೂಗಿದಷ್ಟೇ ಉದೋನ್, ಅಂದರೆ ಗೋಧಿಯ ದಪ್ಪ ಶಾವಿಗೆ. ಜ್ವರವಿದ್ದ ದಿನ ಬೇಡ. ತಿಂದ ಮೇಲೆ ಎರಡು ಗಂಟೆ ಓಟ ಬೇಡ, ಬಿಸಿನೀರಿನ ಸ್ನಾನವೂ ಬೇಡ. ಸೊಸೆ ಮಿಹೊ ಹೇಳಿದ್ದಕ್ಕೆಲ್ಲ ತಲೆಯಾಡಿಸಿದ ಕಿನುಯೊ, ಸ್ನಾನದ ಮಾತನ್ನು ಮಾತ್ರ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು.

"ನೀರು ಕೆಟ್ಟದ್ದು ಅನ್ನೋ ಆ ಡಾಕ್ಟ್ರು ಸ್ನಾನಾನೇ ಮಾಡಲ್ವೇನೋ," ಎಂದು ನಮ್ಮೆದುರು ಕುಟುಕಿದಳು. ನಾವೂ ನಕ್ಕೆವು.

ಒಂದು ಮಧ್ಯಾಹ್ನ ಮಿಹೊ ಮಗಳಿಗೆ ಶಾವಿಗೆ ತಿನ್ನಿಸಿ, ಬಟ್ಟೆ ಒಣಹಾಕಲು ಮಹಡಿಗೆ ಹೋದಳು. ಅಷ್ಟರಲ್ಲಿ ಅಜ್ಜಿ ಮಗುವನ್ನು ತೊಟ್ಟಿಗೆ ಇಳಿಸಿದ್ದಳು. ಹಳೆಯ ಗಿರಾಕಿಯೆಂಬ ಸಲುಗೆಯಲ್ಲಿ ನಾನು ಆಗಲೇ ಒಳಗೆ ಬಂದು ಕೂತಿದ್ದೆ. ಮಗು ತೊಡೆ ಕೆರೆದುಕೊಂಡಿತು. ಮೈಯೆಲ್ಲ ಕೆಂಪಾಗಿತ್ತು. ಬಿಸಿನೀರಲ್ಲಿ ಯಾರ ಮೈ ಕೆಂಪಾಗುವುದಿಲ್ಲ? ಮೈ ಚೆನ್ನಾಗಿ ಕಾದಿದೆ ಎಂದು ಇಬ್ಬರೂ ಖುಷಿಪಟ್ಟೆವು. ಆಮೇಲೆ ಕೆಮ್ಮು ಬಂತು, ದನಿ ಗೊಗ್ಗರಾಯಿತು. ಕಿನುಯೊ ಮಗುವನ್ನು ಬಾಚಿ ಎತ್ತಿಕೊಂಡು ಸೊಸೆಯನ್ನು ಕೂಗಿದಳು.

ಮಿಹೊ ಓಡಿಬಂದವಳೇ ಮಗಳನ್ನು ಚಾಪೆಯ ಮೇಲೆ ಮಲಗಿಸಿ, ಇಂಥ ಹೊತ್ತಿಗೆಂದು ಡಾಕ್ಟರು ಕೊಟ್ಟಿದ್ದ ಇಂಜೆಕ್ಷನ್ ಅನ್ನು ತೊಡೆಗೆ ಒತ್ತಿದಳು. ಆಂಬುಲೆನ್ಸಿಗೆ ಫೋನ್ ಮಾಡಲು ನನಗೆ ಹೇಳಿದಳು. ಅಜ್ಜಿ ಮಗುವನ್ನು ಎಬ್ಬಿಸಿ ತಬ್ಬಿಕೊಳ್ಳಲು ಬಗ್ಗಿದಳು.

"ಎಬ್ಬಿಸ್ಬೇಡಿ ಅತ್ತೆ. ನೀವು ಮುಟ್ಲೇಬೇಡಿ."

ಮಗು ಉಳಿಯಿತು. ನಿನ್ನೆ ಸುಮ್ಮನಿದ್ದ ಅಷ್ಟೇ ಶಾವಿಗೆ, ಮೈ ಬಿಸಿಯಾದರೆ ಇವತ್ತು ತಿರುಗಿ ಬೀಳಬಹುದು ಎಂದರು ಡಾಕ್ಟರು. ಪ್ರಮಾಣ ಇಳಿಸಿ, ಮತ್ತೆ ಆಸ್ಪತ್ರೆಯಿಂದಲೇ ಶುರುಮಾಡಿದರು. ಮನೆಗೆ ಬಂದ ಮಿಹೊ ಮಗಳನ್ನೂ ಶಾವಿಗೆಯ ಬಟ್ಟಲನ್ನೂ ಮಹಡಿಗೆ ಒಯ್ದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕೆಳಗೆ ಕಿನುಯೊ ತಿಕ್ಕಿದ ನೆಲವನ್ನೇ ತಿಕ್ಕುತ್ತ, ಮೇಲೆ ಕೆಮ್ಮು ಕೇಳಿಸಿತೇ ಎಂದು ಕಿವಿಗೊಡುತ್ತಿದ್ದಳು. ಅವಳ ಮೇಲೆ ನನಗೆ ಸಿಟ್ಟೂ ಇತ್ತು, ನೋಡಿದರೆ ಪಾಪ ಅನ್ನಿಸುತ್ತಲೂ ಇತ್ತು.

ಚಳಿ ಬಿದ್ದ ಮೇಲೆ ಒಂದು ದಿನ ಮಿಹೊ ಬಟ್ಟಲು ಹಿಡಿದು ಕೆಳಗಿಳಿದಳು. ಇಂಜೆಕ್ಷನ್ ಹೇಗೆ ಒತ್ತಬೇಕೆಂದು ಅತ್ತೆಗೆ ಕಲಿಸಿದಳು, ಮಾಡಿಸಿ ನೋಡಿದಳು.

"ಇವತ್ತು ನೀವೇ ತಿನ್ಸಿ ಅತ್ತೆ. ನಾನು ಪಕ್ಕದ ಕೋಣೇಲಿರ್ತೀನಿ."

ಅವತ್ತು ಹೊತ್ತಾದರೂ ಬಾಗಿಲಿಗೆ ಪರದೆ ಬರಲಿಲ್ಲ. ಬೋಗುಣಿ ಹಿಡಿದು ಬೀದಿಯಲ್ಲಿ ನಡುಗುತ್ತಿದ್ದ ಗಿರಾಕಿಗಳು ಗೊಣಗತೊಡಗಿದರು. ನಾನು ಬಾಗಿಲು ಸರಿಸಿ ಇಣುಕಿದೆ. ಕಿನುಯೊ ಕೂತಿದ್ದಳು. ತೊಡೆಯ ಮೇಲೆ ಕೊಹಾರು, ಪಕ್ಕದಲ್ಲಿ ಖಾಲಿ ಬಟ್ಟಲು, ಮುಷ್ಟಿಯಲ್ಲಿ ಇಂಜೆಕ್ಷನ್. ಕಣ್ಣು ಮಗುವಿನ ತುಟಿ ಬಿಟ್ಟು ಕದಲಲಿಲ್ಲ.

"ಅಜ್ಜಿ, ನೀರು ಆರಿಹೋಗುತ್ತೆ," ಎಂದಿತು ಮಗು.

"ಆರ್ಲಿ," ಎಂದಳು ಕಿನುಯೊ.