ಆಕಳಿಸುವ ಋಷಿಯ ಕೆಳಗೆ ಕುಳಿತು ಹೇಳಿದ ಪುರಾಣ

ಅಕ್ಷರ ಕಲಿಸಿದ ಗುರುಗಳಿಗೆ, ಶ್ಲೋಕದ ಯಾವ ಪಾದದಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ತೊಡೆ ತಟ್ಟಿ ತಿಳಿಸಿದ ತಂದೆಯವರಿಗೆ, ಅವರಿಬ್ಬರ ನಾಲಗೆಯ ಮೇಲೂ ನೆಲಸಿದ್ದ ವಾಗ್ದೇವಿಗೆ ಮೊದಲು ಕೈಮುಗಿಯುತ್ತೇನೆ. ಹಳೆಯದನ್ನು ನೆನೆದು ಬರೆಯುವ ಶಕ್ತಿ ಈ ವಯಸ್ಸಿನಲ್ಲಿಯೂ ಉಳಿದಿರುವುದು ಅವರ ಕೃಪೆ. ನಗುವ ಶಕ್ತಿಯೂ ಉಳಿದಿದೆ. ಅದಕ್ಕೆ ಇನ್ನೊಂದು ನಮಸ್ಕಾರ.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ಮಂಗಳೂರಿನ ಬಂದರಿನಲ್ಲಿ ಆಗ ಜಪಾನಿನ ಸಾಮಾನು ಧಾರಾಳವಾಗಿ ಇಳಿಯುತ್ತಿತ್ತು. ಅಲ್ಲಿ ಪಿಂಗಾಣಿಯ ವ್ಯಾಪಾರ ಮಾಡುತ್ತಿದ್ದ ಶ್ರೀಮಂತರೊಬ್ಬರ ಮನೆಯಲ್ಲಿ ಸೋಣ ತಿಂಗಳಿಡೀ, ಎಂದರೆ ಸಿಂಹಮಾಸವಿಡೀ, ಪುರಾಣ ಹೇಳುವ ಪೀಠ ಬಹುಕಾಲದಿಂದ ನನ್ನ ತಂದೆಯವರದಾಗಿತ್ತು. ಅವರ ಕಂಠ ಕೆಟ್ಟಿತು; ಪಾಠಶಾಲೆಯಿಂದ ಆಗತಾನೇ ಹೊರಬಂದಿದ್ದ ನಾನು ಅವರ ಬದಲಿಗೆ ಹೋದೆ. ಯಜಮಾನರು ಮುಚ್ಚುಮರೆಯಿಲ್ಲದೆ ಹೇಳಿದರು: "ನೋಡಿ ಭಟ್ರೇ, ಮೂರು ಸಂಜೆ ಹೇಳಿ. ಜನ ಕೂತರೆ ತಿಂಗಳಿಡೀ ನಿಮ್ಮದೇ. ಕೂರದಿದ್ದರೆ ಬೇರೆಯವರನ್ನು ಕರೀತೇನೆ, ಬೇಸರ ಮಾಡ್ಬಾರ್ದು." ನಾನು ಸೋತರೆ ತಂದೆಯವರ ಪೀಠ ನಮ್ಮ ಮನೆತನದ ಕೈತಪ್ಪುವುದು ನಿಶ್ಚಯವಾಗಿತ್ತು.

ಮೊದಲ ಸಂಜೆ ಆನೆಯ ಕಾಲನ್ನು ಮೊಸಳೆ ಹಿಡಿದ ಪ್ರಸಂಗವನ್ನು ಎತ್ತಿಕೊಂಡೆ. ಮೊಸಳೆಯಿನ್ನೂ ನೀರಿನಿಂದ ಮೇಲೆದ್ದಿರಲಿಲ್ಲ, ಎದುರಿನ ಸಾಲಿನ ಹಿರಿಯರೊಬ್ಬರು ಆಕಳಿಸಿ, ಶಿಷ್ಟಾಚಾರದಂತೆ ಬಾಯಿಯ ಮುಂದೆ ಚಿಟಿಕೆ ಹೊಡೆದರು. ಪಕ್ಕದವರೂ ಹೊಡೆದರು. ಸ್ವಲ್ಪ ಹೊತ್ತಿನಲ್ಲಿ ಚಾವಡಿಯ ತುಂಬ ಒಗ್ಗರಣೆಯ ಸಾಸಿವೆ ಸಿಡಿದಂತೆ ಚಿಟಿಕೆಗಳು ಸಿಡಿಯತೊಡಗಿದವು. ನಾನು ಧ್ವನಿಯೇರಿಸಿದೆ. ಆನೆ ಘೀಳಿಟ್ಟಿತು, ಸಭೆ ಚಿಟಿಕೆ ಹೊಡೆಯಿತು.

ಎರಡನೆಯ ಸಂಜೆ ಅದೇ ಪ್ರಸಂಗದ ಶ್ಲೋಕಗಳನ್ನು ರಾಗವಾಗಿ ಹಾಡಿದೆ. ಅದರಿಂದಾದ ಲಾಭವೆಂದರೆ ಚಿಟಿಕೆಗಳು ತಾಳಕ್ಕೆ ಸರಿಯಾಗಿ ಬಿದ್ದವು. ಯಜಮಾನರೇ ಆಕಳಿಸಿದಾಗ ಅವರ ಬಾಯಿಯ ಆಳದಲ್ಲಿದ್ದ ಬಂಗಾರದ ಹಲ್ಲಿನ ದರ್ಶನ ನನಗಾಯಿತು. ಮನೆಗೆ ಹೊರಟ ಶ್ರೋತೃಗಳಲ್ಲೊಬ್ಬರು ಅಂಗಳದಲ್ಲಿ ಹೇಳುತ್ತಿದ್ದುದು ಕೇಳಿಸಿತು: "ಪುರಾಣ ಒಳ್ಳೆದುಂಟು ಮಾರಾಯ. ಆದ್ರೆ ಬಾಯಿ ಮುಚ್ಚಲಿಕ್ಕೇ ಆಗುವುದಿಲ್ಲ."

ಉಳಿದಿದ್ದುದು ಒಂದೇ ಸಂಜೆ.

ಮೂರನೆಯ ಸಂಜೆ ಬೇಗನೆ ಹೋದೆ. ಯಜಮಾನರ ನೆರೆಮನೆಯ ಸ್ನೇಹಿತರೊಬ್ಬರು, ಕೊಂಕಣಿ ಮಾತನಾಡುವ ಕ್ರೈಸ್ತರು, ತಾರುಣ್ಯದಲ್ಲಿ ಹಡಗಿನಲ್ಲಿ ಗುಮಾಸ್ತರಾಗಿ ಜಪಾನನ್ನು ಕಂಡುಬಂದು ಅನಂತರ ಮಾಸ್ತರರಾದವರು, ನನ್ನ ಪೀಠದ ಹಿಂದಿನ ಗೋಡೆಯನ್ನು ನೋಡುತ್ತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಭಟ್ರೇ, ನಿಮ್ಮ ಬೆನ್ನ ಹಿಂದೆ ಎಂತ ಉಂಟೂಂತ ಸರಿಯಾಗಿ ನೋಡಿದ್ದೀರಾ?"

ನೋಡಿದ್ದೆ, ನಿತ್ಯವೂ ನಮಸ್ಕರಿಸಿಯೇ ಕುಳಿತಿದ್ದೆ. ಚೌಕಟ್ಟಿನೊಳಗೆ ಕೆಂಪು ಶಾಲು ಹೊದ್ದ ಋಷಿಯೊಬ್ಬರು. ಪೊದೆಗಡ್ಡ, ಗುಂಡುಕಣ್ಣು, ಮೇಲೆತ್ತಿದ ಎರಡು ಕೈ, ತೆರೆದ ಬಾಯಿ. ದೀರ್ಘ ಓಂಕಾರವೆಂದು ಭಾವಿಸಿದ್ದೆ. ಪಿಂಗಾಣಿ ಬಟ್ಟಲುಗಳಿಗೆ ಸುತ್ತಿ ಬಂದ ಕಾಗದವದು. ಯಾರೋ ಮಹಾತ್ಮರು ಮುದುಡಿ ಬಿದ್ದಿದ್ದಾರೆಂದು ಮರುಗಿ ಯಜಮಾನರ ವೃದ್ಧ ತಾಯಿ ಅದನ್ನು ಇಸ್ತ್ರಿ ಮಾಡಿಸಿ, ಕಟ್ಟು ಹಾಕಿಸಿ, ಪುರಾಣದ ಪೀಠದ ಮೇಲೆಯೇ ತೂಗಿಸಿದ್ದರು.

"ಇವರು ಬೌದ್ಧರ ದೊಡ್ಡ ಗುರು," ಎಂದರು ಮಾಸ್ತರರು. "ನಮ್ಮ ದಕ್ಷಿಣದಿಂದಲೇ ಹೋದವರಂತೆ. ಒಂಬತ್ತು ವರ್ಷ ಗೋಡೆ ನೋಡಿಕೊಂಡು ಧ್ಯಾನಕ್ಕೆ ಕೂತವರು. ಈಗ ಎದ್ದು ಆಕಳಿಸ್ತಾ ಇದ್ದಾರೆ. ಅಲ್ಲಿಯ ಚಿತ್ರಗಾರರಿಗೆ ಇವರಲ್ಲಿ ಭಕ್ತಿಯೂ ಉಂಟು, ಸಲಿಗೆಯೂ ಉಂಟು. ಮರದ ಅಚ್ಚು ಕೊರೆದು ಇವರನ್ನು ಎಂತೆಂಥ ಅವಸ್ಥೆಗೆ ತರ್ತಾರೆ ಗೊತ್ತುಂಟಾ? ಒಂದರಲ್ಲಿ ಗಡ್ಡದ ಕೂದಲು ಕಿತ್ತುಕೊಳ್ತಾರೆ. ಇನ್ನೊಂದರಲ್ಲಿ ಹೆಂಗಸರ ಉಡುಪು ತೊಟ್ಟು—"

"ಮೆಲ್ಲ ಮಾತಾಡಿ, ಅಮ್ಮ ಒಳಗೆ ಇದ್ದಾರೆ," ಎಂದ ಯಜಮಾನರು ಚಿತ್ರವನ್ನು ನೋಡಿ ಆಕಳಿಸಿದರು. ಮಾಸ್ತರರು ಆಕಳಿಸಿದರು. ನಾನೂ ಆಕಳಿಸಿದೆ. ಮೂವರೂ ಚಿಟಿಕೆ ಹೊಡೆದೆವು. ಎರಡು ಸಂಜೆಯ ರಹಸ್ಯ ಬಯಲಾಯಿತು.

ಚಿತ್ರವನ್ನು ಒಳಗಿಡೋಣವೆಂದರೆ ತಾಯಿ ಒಪ್ಪಲಿಲ್ಲ. "ಹೂ ಇಟ್ಟು ಕೈಮುಗಿದ ಮೇಲೆ ಮೂಲೆಗೆ ಹಾಕುವುದಾ? ಒಂಬತ್ತು ವರ್ಷ ಕೂತವರಿಗೆ ಆಕಳಿಕೆ ಬಾರದೆ ಇರ್ತದಾ? ನಿಮಗೆ ಒಂದು ಗಳಿಗೆಗೆ ಬರ್ತದೆ."

ಕೊನೆಗೆ ಚಿತ್ರವನ್ನು ಎದುರುಗೋಡೆಗೆ, ಶ್ರೋತೃಗಳ ಬೆನ್ನಿನ ಕಡೆಗೆ, ತೂಗಿಸಿದೆವು. ಚಿತ್ರದ ಗುರುಗಳೂ ನನ್ನ ಪುರಾಣ ಕೇಳಲಿ ಎಂದು ನಾನೇ ಉದಾರವಾಗಿ ಸಮ್ಮತಿಸಿದ್ದೆ.

ಆ ಸಂಜೆ ಒಂದು ಚಿಟಿಕೆಯೂ ಕೇಳಲಿಲ್ಲ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಪೀಠ ಉಳಿಯಿತೆಂದು ನನ್ನೊಳಗೆ ಹಿಗ್ಗು ಹುಟ್ಟಿತು. ಎಡಗೈಯಲ್ಲಿ ಗ್ರಂಥ, ಬಲಗೈಯನ್ನು ತಾವರೆ ಹಿಡಿದ ಸೊಂಡಿಲಿನಂತೆ ಮೇಲೆತ್ತಿ, ಭಗವಂತನನ್ನು ಕೂಗುವುದಕ್ಕಾಗಿ ಬಾಯ್ತೆರೆದು ತಲೆಯೆತ್ತಿದೆ. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಎದುರಿಗೇ ಗುರುಗಳು.

ತೆರೆದ ಬಾಯಿ ಮುಚ್ಚಲಿಲ್ಲ. ಕೂಗಬೇಕಾದ ಆನೆ ಆಕಳಿಸಿತು. ಆಕಳಿಸಿತು, ಇನ್ನೂ ಆಕಳಿಸಿತು. ಚಿಟಿಕೆ ಹೊಡೆಯೋಣವೆಂದರೆ ಒಂದು ಕೈ ಗ್ರಂಥದಲ್ಲಿ, ಇನ್ನೊಂದು ಸೊಂಡಿಲಿನಲ್ಲಿ. ಸಭೆ ನನ್ನ ಬಾಯನ್ನೇ ನೋಡುತ್ತಿತ್ತು. ಎಲ್ಲವೂ ಮುಗಿಯಿತೆಂದುಕೊಂಡೆ.

ಆಗ ಎದುರಿನಲ್ಲಿ ಕುಳಿತಿದ್ದ ವೃದ್ಧ ತಾಯಿ ಮೆಲ್ಲನೆ ಮುಂದಕ್ಕೆ ಸರಿದು, ತೊಟ್ಟಿಲ ಕೂಸಿಗೆ ಮಾಡುವಂತೆ, ನನ್ನ ಬಾಯಿಯ ಮುಂದೆ ತಾವೇ ಚಿಟಿಕೆ ಹೊಡೆದರು.

"ಇರಲಿ ಮಗಾ. ಆ ಆನೆ ಎಷ್ಟು ಹೊತ್ತಿನಿಂದ ನೀರಲ್ಲಿ ಉಂಟು. ಅದಕ್ಕೂ ಬಂದಿರ್ತದೆ."

ಚಾವಡಿಯೇ ನಕ್ಕಿತು. ನಾನೂ ನಕ್ಕೆ, ನಗುತ್ತಲೇ ಕೂಗಿದೆ, ಭಗವಂತನು ಬಂದು ಮೊಸಳೆಯಿಂದ ಬಿಡಿಸಿದನು.

ಮಂಗಳಾರತಿಯಾದ ಮೇಲೆ ಯಜಮಾನರು ತಾಯಿಯ ಮುಖ ನೋಡಿದರು. "ಎಂತ ಮಾಡುವ ಅಮ್ಮ?"

"ಇವರೇ ಬರಲಿ," ಎಂದವರು ನನ್ನ ಕಡೆಗೆ ತಿರುಗಿದರು. "ನಿಮ್ಮ ಅಪ್ಪನವರ ಎದುರು ನಮಗೆ ಆಕಳಿಸ್ಲಿಕ್ಕೆ ಧೈರ್ಯವೇ ಇರ್ಲಿಲ್ಲ, ಭಟ್ರೇ."

ತಿಂಗಳಿಡೀ ಪುರಾಣ ನಡೆಯಿತು. ಗುರುಗಳು ಹೊರಬಾಗಿಲ ಮೇಲೇರಿ, ಹೊರಟವರನ್ನು ಆಕಳಿಸಿ ಬೀಳ್ಕೊಡುತ್ತಿದ್ದರು. ಮನೆಗೆ ಹೋದ ನಾನು ತಾಯಿಯ ಮಾತನ್ನು ತಂದೆಯವರಿಗೆ ಅರುಹಿದಾಗ, ಅವರು ಅದನ್ನು ತಮ್ಮ ಪ್ರಶಂಸೆಯೆಂದೇ ಸ್ವೀಕರಿಸಿದರು.

ಅಚ್ಚು ಕೊರೆದ ಆ ಅಜ್ಞಾತ ಕೈಗಳಿಗೆ ಶುಭವಾಗಲಿ. ನಕ್ಕ ಮಾಸ್ತರರಿಗೂ, ಕರೆದ ಯಜಮಾನರಿಗೂ, ಮಡಿಲು ದೊಡ್ಡದಿದ್ದ ಆ ತಾಯಿಗೂ ಸದ್ಗತಿಯಿರಲಿ. ಕುಳಿತು ಕೇಳಿದವರೆಲ್ಲರ ಮನೆಗಳಲ್ಲಿ ಸುಖನಿದ್ರೆ ಸದಾ ನೆಲಸಿರಲಿ.